ಉಗುರಿಗೆ ಪೆಟ್ಟಾದ ಬೆರಳಿಗೆ ಯಾವ ಕೋಡ್?

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಅಮೆರಿಕದ ಎಮರ್ಜೆನ್ಸಿ ವಿಭಾಗಗಳ ಚಾರ್ಟ್ ಕೋಡ್ ಮಾಡುತ್ತೇನೆ, ಅಂದರೆ ಡಾಕ್ಟರು ಬರೆದ ಪೆಟ್ಟು, ಚಿಕಿತ್ಸೆಗಳನ್ನು ಕ್ಲೇಮ್‌ಗಾಗಿ ಕೋಡ್‌ಗೆ ಇಳಿಸುತ್ತೇನೆ. ಪೆಟ್ಟಿನ ಕೋಡ್ ಐಸಿಡಿ-10-ಸಿಎಂ ಪಟ್ಟಿಯದು. ಒಂದು ಚಾರ್ಟ್‌ನಲ್ಲಿ ಇದ್ದದ್ದು ಇಷ್ಟು: ‘ಬಲಗೈ ಮಧ್ಯದ ಬೆರಳಿಗೆ ಕ್ರಷ್ ಇಂಜುರಿ, ಕಾರಿನ ಬಾಗಿಲಿಗೆ ಸಿಕ್ಕಿದ್ದು. ಉಗುರು ಬುಡದಿಂದ ಅರ್ಧ ಎದ್ದಿದೆ. ನೇಲ್ ಬೆಡ್‌ನಲ್ಲಿ (ಉಗುರಿನಡಿಯ ಅಂಗಾಂಶದಲ್ಲಿ) 1 ಸೆಂ.ಮೀ. ಸೀಳು. ಎಕ್ಸ್‌ರೇಯಲ್ಲಿ ಟಫ್ಟ್ ಫ್ರ್ಯಾಕ್ಚರ್ (ಬೆರಳ ತುದಿಮೂಳೆಯ ಮುರಿತ).’ ನಾನು ಎಸ್61.312ಎ (ಉಗುರಿಗೆ ಹಾನಿಯಾದ ಸೀಳುಗಾಯ) ಮತ್ತು ಎಸ್62.632ಬಿ (ತುದಿಮೂಳೆಯ ತೆರೆದ ಮುರಿತ) ಎರಡನ್ನೂ ಕೊಟ್ಟೆ. ಆಡಿಟ್‌ನಿಂದ ವಾಪಸ್ ಬಂತು. ತಪ್ಪೆಲ್ಲಿ?

ಉತ್ತರ: ಮೂರು ಕಡೆ ಎಡವಿದ್ದೀರಿ. ಮೊದಲನೆಯದಾಗಿ, ಈ ಎರಡು ಕೋಡ್ ಒಟ್ಟಿಗೆ ಕೂರುವುದಿಲ್ಲ. ಎಸ್61ರ ತಲೆಯಲ್ಲೇ ‘ಎಕ್ಸ್‌ಕ್ಲೂಡ್ಸ್1’, ಅಂದರೆ ಜೊತೆಗೆ ಹಾಕಬಾರದ ಕೋಡ್‌ಗಳ ಸೂಚನೆ ಇದೆ: ತೆರೆದ (ಗಾಯದ ಮೂಲಕ ಹೊರಗೆ ತೆರೆದುಕೊಂಡ) ಮೂಳೆಮುರಿತವಿದ್ದರೆ ಎಸ್62 ಕೊಟ್ಟು ಏಳನೇ ಅಕ್ಷರ ಬಿ ಹಾಕಿ, ಬೆರಳು ತುಂಡಾಗಿದ್ದರೆ ಎಸ್68ಕ್ಕೆ ಹೋಗಿ. ಬಿ ಎಂದ ಮೇಲೆ ಆ ಜಾಗದ ಗಾಯ ಮುರಿತದ ಕೋಡ್‌ನ ಒಳಗೇ ಸೇರಿತು.

ಎರಡನೆಯದು ಇದಕ್ಕಿಂತ ಮುಖ್ಯ. ಬಿ ಹಾಕಲು ಆ ಚಾರ್ಟ್‌ನಲ್ಲಿ ಆಧಾರವೇ ಇಲ್ಲ. ಡಾಕ್ಟರು ‘ಟಫ್ಟ್ ಫ್ರ್ಯಾಕ್ಚರ್’ ಎಂದಷ್ಟೇ ಬರೆದಿದ್ದಾರೆ. ತೆರೆದದ್ದೋ ಮುಚ್ಚಿದ್ದೋ ಹೇಳದಿದ್ದರೆ ಮುಚ್ಚಿದ್ದು ಎಂದೇ ಕೋಡ್ ಮಾಡಬೇಕು, ಮೂಳೆ ಜರುಗಿದೆಯೋ ಇಲ್ಲವೋ ಹೇಳದಿದ್ದರೆ ಜರುಗಿದೆ ಎಂದೇ ತೆಗೆದುಕೊಳ್ಳಬೇಕು. ಇದು ಮಾರ್ಗಸೂಚಿಯ ನಿಯಮ. ನೇಲ್ ಬೆಡ್ ಮೂಳೆಗೆ ಅಂಟಿಕೊಂಡೇ ಇರುತ್ತದೆ. ಅದು ಸೀಳಿ ಕೆಳಗಿನ ಮೂಳೆಯೂ ಮುರಿದಿದ್ದರೆ ಅದನ್ನು ತೆರೆದ ಮುರಿತವೆಂದು ನೋಡುವ ಡಾಕ್ಟರುಗಳು ಬಹಳ. ಆದರೆ ಹಾಗೆಂದು ತೀರ್ಮಾನಿಸುವ ಅಧಿಕಾರ ಕೋಡರ್‌ಗಿಲ್ಲ. ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಡಾಕ್ಟರಿಗೆ ಕಳಿಸಿ. ‘ಇದು ಓಪನ್ ಅಲ್ಲವೇ?’ ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ಚಾರ್ಟ್‌ನ ಸಾಲುಗಳನ್ನು ಹಾಗೇ ಎತ್ತಿ ಬರೆದು, ತೆರೆದದ್ದು, ಮುಚ್ಚಿದ್ದು, ಬೇರೆ, ಹೇಳಲಾಗದು ಎಂಬ ನಾಲ್ಕು ಆಯ್ಕೆ ಕೊಡಿ.

ಮೂರನೆಯದು, ಕ್ರಷ್ ಇಂಜುರಿ ಬಿಟ್ಟೇಹೋಗಿದೆ. ಅದಕ್ಕೆ ಎಸ್67.192ಎ. ಜೊತೆಗಿರುವ ಎಲ್ಲ ಪೆಟ್ಟುಗಳಿಗೂ ಹೆಚ್ಚುವರಿ ಕೋಡ್ ಕೊಡಿ ಎಂದು ಅಲ್ಲೇ ಸೂಚನೆಯಿರುವುದರಿಂದ ಇದು ಮೊದಲು ಬರುತ್ತದೆ. ಡಾಕ್ಟರು ‘ಮುಚ್ಚಿದ್ದು’ ಎಂದರೆ ಅದರ ಹಿಂದೆ ಎಸ್62.632ಎ, ಎಸ್61.312ಎ. ‘ತೆರೆದದ್ದು’ ಎಂದರೆ ಅದರ ಹಿಂದೆ ಎಸ್62.632ಬಿ ಮಾತ್ರ. ಆಗ ಉಗುರಿನ ಹಾನಿ ರೋಗನಿರ್ಣಯದ ಕೋಡ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ನೇಲ್ ಬೆಡ್ ಹೊಲಿದಿದ್ದರೆ ಚಿಕಿತ್ಸೆಯ ಕೋಡ್ ಅದನ್ನು ಹೇಳುತ್ತದೆ, ಗಾಬರಿ ಬೇಡ.

ಪ್ರಶ್ನೆ: ಎಡ ಬಲ ಪದೇಪದೇ ಅದಲುಬದಲಾಗುತ್ತಿದೆ. ನೆನಪಿಡಲು ಏನಾದರೂ ದಾರಿ ಇದೆಯೇ?

ಉತ್ತರ: ಅದಲುಬದಲಾಗುವುದಕ್ಕೆ ಕಾರಣವಿದೆ. ಎಸ್61.31ರಲ್ಲಿ ಆರನೇ ಅಂಕಿ 0, 2, 4, 6 ಬಲಗೈ. 1, 3, 5, 7 ಎಡಗೈ. ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು ಎಂಬ ಕ್ರಮದಲ್ಲಿ ಜೋಡಿ ಜೋಡಿಯಾಗಿ ಸಾಗುತ್ತದೆ. ಹೆಬ್ಬೆರಳಿಗೆ ಬಂದರೆ ಲೆಕ್ಕ ತಿರುಗುತ್ತದೆ: ಎಸ್61.111 ಬಲ, ಎಸ್61.112 ಎಡ. ಅಂದರೆ ಕೊನೆಯ 1 ಹೆಬ್ಬೆರಳಲ್ಲಿ ಬಲ, ತೋರುಬೆರಳಲ್ಲಿ ಎಡ. ಚರ್ಮ ಒಡೆಯದೆ ಉಗುರಿನಡಿ ರಕ್ತ ಕಟ್ಟಿದ್ದರೆ ಎಸ್60.1ಕ್ಕೆ ಹೋಗುತ್ತೀರಿ, ಅಲ್ಲಿ ಎಲ್ಲ ಬೆರಳಿಗೂ 1 ಬಲ, 2 ಎಡ. ನೆನಪಿನ ಮೇಲೆ ಹಾಕುವ ಕೋಡ್ ಅಲ್ಲ ಇದು, ಪ್ರತಿ ಸಲವೂ ಪಟ್ಟಿ ನೋಡಿ.

ಡಾಕ್ಟರು ‘ಮೂರನೇ ಬೆರಳು’ ಎಂದು ಬರೆದಿದ್ದರೆ ಅಲ್ಲೂ ನಿಲ್ಲಿ. ಹೆಬ್ಬೆರಳು ಸೇರಿಸಿ ಎಣಿಸಿದರೆ ಮಧ್ಯದ್ದು, ಬಿಟ್ಟು ಎಣಿಸಿದರೆ ಉಂಗುರದ್ದು. ಯಾವ ಬೆರಳೆಂದು ಹೇಳಲು ಚಿಕಿತ್ಸೆಯ ಕೋಡ್‌ಗೆ ಸೇರಿಸುವ ಬಿಲ್ಲಿಂಗ್ ಮಾಡಿಫೈಯರ್‌ಗಳು ಹೆಬ್ಬೆರಳನ್ನು ಸೇರಿಸಿಯೇ ಎಣಿಸುತ್ತವೆ: ಎಡಗೈಗೆ ಎಫ್ಎ, ನಂತರ ಎಫ್1ರಿಂದ ಎಫ್4, ಬಲಗೈಗೆ ಎಫ್5ರಿಂದ ಎಫ್9. ಬಲ ಮಧ್ಯದ ಬೆರಳು ಎಫ್7. ರೋಗನಿರ್ಣಯ ಉಂಗುರದ ಬೆರಳು, ಮಾಡಿಫೈಯರ್ ಎಫ್7 ಎಂದಾದರೆ ಎರಡೂ ಹೊಂದುವುದಿಲ್ಲ, ಕ್ಲೇಮ್ ವಾಪಸ್ ಬರುವುದು ಇಂಥಲ್ಲೇ. ಎಕ್ಸ್‌ರೇ ವರದಿಯಲ್ಲಿ ಬೆರಳಿನ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಅದಕ್ಕೂ ಡಾಕ್ಟರ ಟಿಪ್ಪಣಿಗೂ ತಾಳೆಯಾಗದಿದ್ದರೆ ಕ್ವೆರಿ.

ಪ್ರಶ್ನೆ: ಬೆರಳಿಗೆ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು, ಉಗುರು ತೆಗೆದು, ನೇಲ್ ಬೆಡ್ ಹೊಲಿದಿದ್ದಾರೆ. ಚಿಕಿತ್ಸೆಯ ಕೋಡ್ ಕ್ರಮವಾಗಿ 64450, 11730, 11760 ಮೂರನ್ನೂ ಹಾಕಬಹುದೇ?

ಉತ್ತರ: 11760 ಒಂದೇ. ಹೊಲಿಯಬೇಕಾದರೆ ಉಗುರು ಎತ್ತಲೇಬೇಕು, ಆದ್ದರಿಂದ ಅದೇ ಬೆರಳಿನ 11730 ಅದರೊಳಗೆ ಸೇರಿದೆ. ಹೊಲಿದವರೇ ಕೊಟ್ಟ ಬ್ಲಾಕ್‌ಗೆ ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ನಿಯಮದಲ್ಲಿ ಬೇರೆ ಹಣವಿಲ್ಲ.

11760 ನಿಲ್ಲುವುದು ಡಾಕ್ಟರು ಬರೆದ ಸಾಲಿನ ಮೇಲೆ. ‘ಗಾಯ ಹೊಲಿಯಲಾಯಿತು’ ಎಂದರೆ ಸಾಲದು. ಅದು ಬೆರಳ ತುದಿಯ ಚರ್ಮವೂ ಆಗಿರಬಹುದು, ಆಗ 2.5 ಸೆಂ.ಮೀ.ವರೆಗಿನ ಸರಳ ಹೊಲಿಗೆ 12001. ‘ಉಗುರು ತೆಗೆದು, ನೇಲ್ ಬೆಡ್‌ನ ಸೀಳನ್ನು 6-0 ಕರಗುವ ದಾರದಿಂದ ಹೊಲಿದು, ಉಗುರನ್ನೇ ಸ್ಪ್ಲಿಂಟ್‌ನಂತೆ ಮತ್ತೆ ಕೂರಿಸಲಾಯಿತು’ ಎಂದಿದ್ದರೆ ಯಾರೂ ಪ್ರಶ್ನಿಸುವಂತಿಲ್ಲ. ಎದ್ದ ಉಗುರನ್ನು ಒತ್ತಿ ಕೂರಿಸಿದ್ದಷ್ಟೇ ಆದರೆ 11760 ಇಲ್ಲ. ಉಗುರಿಗೆ ತೂತು ಕೊರೆದು ಕಟ್ಟಿದ ರಕ್ತ ಹೊರಬಿಟ್ಟದ್ದು 11740.

ಪ್ರಶ್ನೆ: ನಮ್ಮದು ಕರ್ನಾಟಕದ್ದೇ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪುಸ್ತಕದಲ್ಲಿ ಎಸ್61.3 ಸಿಗುತ್ತಲೇ ಇಲ್ಲ.

ಉತ್ತರ: ಇರುವುದೂ ಇಲ್ಲ. ಆ ಪುಸ್ತಕದಲ್ಲಿ ಉಗುರಿಗೆ ಹಾನಿಯಾದ ಬೆರಳ ಗಾಯಕ್ಕೆಲ್ಲ ಎಸ್61.1, ಹಾನಿಯಿಲ್ಲದ್ದಕ್ಕೆ ಎಸ್61.0, ಹೆಬ್ಬೆರಳೂ ಅದರಲ್ಲೇ. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಐಸಿಡಿ-10-ಸಿಎಂನಲ್ಲಿ ಎಸ್61.1 ಎಂದರೆ ಹೆಬ್ಬೆರಳು ಮಾತ್ರ, ಉಳಿದ ನಾಲ್ಕಕ್ಕೆ ಎಸ್61.3. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಅಮೆರಿಕದ್ದು, ಅದನ್ನು ನಿಮ್ಮ ರಿಜಿಸ್ಟರ್‌ಗೆ ಇಳಿಸಬೇಡಿ.

ಪ್ರಶ್ನೆ: ತರಕಾರಿ ಹೆಚ್ಚುವಾಗ ಚಾಕು ತಗುಲಿ ಉಗುರು ಸೀಳಿದ ರೋಗಿ ಹೊಲಿಗೆ ಬಿಚ್ಚಿಸಲು ಬಂದಿದ್ದಾರೆ. ಆಫ್ಟರ್‌ಕೇರ್‌ನ (ಚಿಕಿತ್ಸೆಯ ನಂತರದ ಆರೈಕೆಯ) ಝಡ್ ಕೋಡ್ ಕೊಡಲೇ?

ಉತ್ತರ: ಬೇಡ. ಪೆಟ್ಟಿನ ಅದೇ ಕೋಡ್, ಏಳನೇ ಅಕ್ಷರ ಮಾತ್ರ ಡಿ (ನಂತರದ ಭೇಟಿ). ಪೆಟ್ಟಿನ ಕಾರಣ ಚಾಕು ಎನ್ನುವ ಕೋಡ್ ಡಬ್ಲ್ಯೂ26.0ಕ್ಕೆ ನಾಲ್ಕೇ ಅಕ್ಷರ, ನಡುವೆ ಎರಡು ಎಕ್ಸ್ ತುಂಬಿಸಿ: ಡಬ್ಲ್ಯೂ26.0ಎಕ್ಸ್‌ಎಕ್ಸ್‌ಡಿ. ಅಡುಗೆ ತಯಾರಿಯ ವೈ93.ಜಿ1, ಸ್ಥಳದ ವೈ92 ಮೊದಲ ಭೇಟಿಯಲ್ಲಿ ಒಮ್ಮೆ ಮಾತ್ರ. ತಿಂಗಳುಗಳ ನಂತರ ಉಗುರು ಸೊಟ್ಟಗೆ ಬೆಳೆದಿದೆಯೆಂದು ಬಂದರೆ, ಡಾಕ್ಟರು ಅದನ್ನು ನೇಲ್ ಡಿಸ್ಟ್ರೋಫಿ ಎಂದು ಕರೆದು ಹಳೆಯ ಗಾಯಕ್ಕೆ ಜೋಡಿಸಿ ಬರೆದಿದ್ದಲ್ಲಿ, ಮೊದಲು ಎಲ್60.3, ಅದರ ಹಿಂದೆ ಹಳೆಯ ಗಾಯದ ಕೋಡ್, ಏಳನೇ ಅಕ್ಷರ ಎಸ್ (ಹಳೆಯ ಪೆಟ್ಟಿನ ಪರಿಣಾಮ).