ಡಚ್ ಭಾಷೆಯ 'ಅಖ್ತರ್‌ಕ್ಲಪ್' ಅಂದರೆ ಬೆನ್ನಿಗೆ ಹೊಡೆಯುವುದು ಅಂತಲೇ?

ಪದವನ್ನು ನೀವು ಒಡೆದಿರುವುದು ಸರಿಯಾಗಿದೆ. 'ಅಖ್ತರ್' ಅಂದರೆ ಹಿಂದೆ, 'ಕ್ಲಪ್' ಅಂದರೆ ಈಗಿನ ಡಚ್‌ನಲ್ಲಿ ಏಟು. ಆದರೆ ಇಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಎದುರಿಗಿಲ್ಲದವರ ಬಗ್ಗೆ ಕೆಟ್ಟದಾಗಿ ಆಡಿಕೊಳ್ಳುವುದು, ಚಾಡಿ ಹೇಳುವುದು, ಅಷ್ಟೇ ಅರ್ಥ.

ನಾನೂ ಮೊದಲು ನಿಮ್ಮ ಹಾಗೇ ಅಂದುಕೊಂಡಿದ್ದೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೆಲ್ಜಿಯಂನ ಆಂಟ್‌ವರ್ಪ್ ಕಡೆಯ ಸಹೋದ್ಯೋಗಿಯೊಬ್ಬಳು ಕಾಫಿ ಲೋಟ ಹಿಡಿದು ಬಂದು, 'ಬಾ, ಸ್ವಲ್ಪ ಕ್ಲಪ್ಪನ್ ಮಾಡೋಣ' ಅಂದಳು. ನನಗೆ ಗೊತ್ತಿದ್ದದ್ದು ಎರಡೇ: ಚಪ್ಪಾಳೆ ತಟ್ಟುವುದು, ಇಲ್ಲವೇ ಹೊಡೆಯುವುದು. ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಅವರ ಕಡೆ 'ಕ್ಲಪ್ಪನ್' ಅಂದರೆ ಸುಮ್ನೆ ಮಾತಾಡುವುದು!

'ಅಖ್ತರ್‌ಕ್ಲಪ್'ನಲ್ಲಿ ಉಳಿದಿರುವುದು ಈ ಹಳೆಯ ಅರ್ಥವೇ. ಹಿಂದಿನಿಂದ ಆಡುವ ಮಾತು. ಬುಡದಲ್ಲಿರುವುದು ಬರೀ ಒಂದು ಸದ್ದು, ನಮ್ಮ 'ಟಪ್' ಇದ್ದ ಹಾಗೆ. ಕೈ ಬಡಿದರೂ ಅದೇ ಸದ್ದು, ನಾಲಗೆ ಲೊಟಲೊಟ ಅಂದರೂ ಅದೇ ಸದ್ದು. ಕೊಕ್ಕರೆ ಕೊಕ್ಕು ಬಡಿಯುವುದಕ್ಕೆ ಡಚ್ಚರು ಹೇಳುವ 'ಕ್ಲೆಪ್ಪರನ್' ಕೂಡ ಇದೇ ಬಳಗದ್ದು. ನಮಗೇನೂ ಇದು ವಿಚಿತ್ರ ಅಲ್ಲ. ನಾವೂ ಹರಟೆ 'ಹೊಡೆಯುತ್ತೇವೆ' ಅಲ್ವಾ?

ಪದ ಹಳೆಯದು. 1637ರ ಡಚ್ ಬೈಬಲ್‌ನಲ್ಲಿ, 15ನೇ ಕೀರ್ತನೆಯಲ್ಲಿ, ಒಳ್ಳೆಯವನು ಯಾರು ಅಂದರೆ ನಾಲಗೆಯಿಂದ 'ಅಖ್ತರ್‌ಕ್ಲಪ್' ಮಾಡದವನು ಅಂತ ಬರುತ್ತದೆ.

ಕೋರ್ಟಿನ ಮಾತು ಬಂದರೆ ಪದಗಳೇ ಬೇರೆ. ನೆದರ್‌ಲ್ಯಾಂಡ್ಸ್ ದಂಡಸಂಹಿತೆಯ 261ನೇ ಕಲಮಿನಲ್ಲಿರುವುದು 'ಸ್ಮಾದ್': ಒಬ್ಬರ ಮೇಲೆ ಏನೋ ಒಂದನ್ನು ಹೊರಿಸಿ, ಅದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತಲೇ ಮಾನ ಕಳೆಯುವುದು. 262ರಲ್ಲಿರುವುದು 'ಲಸ್ತರ್': ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿದ್ದೂ ಹಾಗೆ ಮಾಡುವುದು. ಅದಕ್ಕೆ 2 ವರ್ಷದವರೆಗೆ ಜೈಲು.

ಈಗ 'ಅಖ್ತರ್‌ಕ್ಲಪ್' ಒಂಟಿಯಾಗಿ ಸಿಗುವುದು ಕಡಿಮೆ. 'ರೊಡ್ಡಲ್ ಎನ್ ಅಖ್ತರ್‌ಕ್ಲಪ್' ಅಂತ ಜೋಡಿಯಾಗಿಯೇ ಜಾಸ್ತಿ ಬರುತ್ತದೆ. 'ರೊಡ್ಡಲ್' ಅಂದರೆ ಗಾಸಿಪ್. ಕ್ಯಾಂಟೀನಿನಲ್ಲಿ ಹೇಳುವುದಾದರೆ 'ರೊಡ್ಡಲನ್' ಸಾಕು. ನಾನು ಒಮ್ಮೆ ಅಲ್ಲಿ 'ಅಖ್ತರ್‌ಕ್ಲಪ್' ಅಂದಿದ್ದಕ್ಕೆ, 'ಏನು, ಚರ್ಚಿನಿಂದ ಈಗ ಬಂದೆಯಾ?' ಅಂತ ಕೇಳಿದ್ದರು.