ಹಾರ್ಮೋನು, ಫೆರೊಮೋನುಗಳು ಮನುಷ್ಯನ ವರ್ತನೆಯನ್ನು ನಿಯಂತ್ರಿಸುತ್ತವೆಯೇ?

ಹಾರ್ಮೋನುಗಳ ಪ್ರಭಾವ ನಿಸ್ಸಂದೇಹ. ಫೆರೊಮೋನುಗಳದ್ದು ಮನುಷ್ಯರ ಮಟ್ಟಿಗೆ ಇನ್ನೂ ಸಾಬೀತಾಗಿಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹಾರ್ಮೋನು ದೇಹದೊಳಗೆ ರಕ್ತದ ಮೂಲಕ ಸಾಗುವ ಸಂದೇಶ. ಪಕ್ಕದ ಕೋಣೆಯಲ್ಲಿ ಮಗು ಅತ್ತ ಸದ್ದು ಕಿವಿಗೆ ಬಿದ್ದೊಡನೆ ಬಾಣಂತಿಯ ಎದೆಹಾಲು ತಾನಾಗಿ ಜಿನುಗಿ ರವಿಕೆ ಒದ್ದೆಯಾಗುವುದುಂಟು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿದ್ದರ ಫಲವಿದು. ಆದರೆ ಮನುಷ್ಯನ ವರ್ತನೆಯ ವಿಷಯದಲ್ಲಿ ಹಾರ್ಮೋನು ಅಪ್ಪಣೆ ಕೊಡುವುದಿಲ್ಲ, ಒಲವನ್ನು ಹೆಚ್ಚುಕಡಿಮೆ ಮಾಡುತ್ತದೆ, ಅಷ್ಟೆ. ಪಂದ್ಯಕ್ಕೆ ಇಳಿಯುವ ಮುನ್ನವೇ ಆಟಗಾರರಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಏರುವುದುಂಟು. ಅಂದರೆ ಸನ್ನಿವೇಶವೂ ಹಾರ್ಮೋನನ್ನು ಬದಲಿಸುತ್ತದೆ.

ಫೆರೊಮೋನು ಒಂದು ಜೀವಿ ಹೊರಸೂಸಿ, ಅದೇ ಜಾತಿಯ ಇನ್ನೊಂದು ಜೀವಿ ಗ್ರಹಿಸುವ ರಾಸಾಯನಿಕ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರ ತಂಡ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಬೊಂಬಿಕಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ನಮ್ಮ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ, ಕೂತಲ್ಲೇ ಕೂತ ಹೆಣ್ಣಿನತ್ತ ಗಂಡು ಪತಂಗ ರೆಕ್ಕೆ ಪಟಪಟಿಸುತ್ತ ಸಾಗುವುದು ಇದರಿಂದಲೇ.

ಮನುಷ್ಯರಲ್ಲಿ ಇಂಥ ಒಂದೇ ಒಂದು ವಸ್ತುವೂ ಖಚಿತವಾಗಿ ಸಿಕ್ಕಿಲ್ಲ. ಇಲಿಗಳಲ್ಲಿ ಫೆರೊಮೋನು ಗ್ರಹಿಸುವ ಮೂಗಿನೊಳಗಿನ ವೊಮೆರೊನೇಸಲ್ ಅಂಗ ನಮ್ಮಲ್ಲಿ ಕೇವಲ ಅವಶೇಷ. ಒಟ್ಟಿಗೆ ವಾಸಿಸುವ ಹೆಣ್ಣುಮಕ್ಕಳ ಮುಟ್ಟು ಹೊಂದಿಕೊಳ್ಳುತ್ತದೆ ಎಂಬ 1971ರ ಪ್ರಸಿದ್ಧ ವರದಿಯೂ ನಂತರದ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಇನ್ನು 'ಫೆರೊಮೋನ್ ಸೆಂಟು' ಕೊಳ್ಳುವವರು ಪರಿಮಳಕ್ಕಷ್ಟೇ ದುಡ್ಡು ಕೊಟ್ಟಂತೆ. ಸದ್ಯಕ್ಕೆ ಭರವಸೆ ಹುಟ್ಟಿಸುವ ಸುಳಿವೆಂದರೆ ತಾಯಿಯ ಮೊಲೆತೊಟ್ಟಿನ ಸುತ್ತಲಿನ ಗ್ರಂಥಿಗಳ ಸ್ರಾವ: ಅದರ ವಾಸನೆಗೆ ನವಜಾತ ಶಿಶು ತಲೆ ಹೊರಳಿಸಿ ಬಾಯಿ ಚಪ್ಪರಿಸುತ್ತದೆ.