ಆರು ವರ್ಷದ ಮಗ, ಮೂರು ವರ್ಷದ ಮಗಳ ಜೊತೆ ಬೆಂಗಳೂರಿನ ವಂಡರ್‌ಲಾ ಥೀಮ್ ಪಾರ್ಕಿಗೆ ಹೋಗುವಾಗ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಬೇಕಾ?

ಕ್ಯೂ ತಪ್ಪಿಸುವ ಆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಆಮೇಲೆ ನೋಡೋಣ. ಮೊದಲು ಮಗನ ಎತ್ತರ ಅಳೆಯಿರಿ. ಶೂ ಬಿಚ್ಚಿಸಿ ಅಳೆಯಿರಿ.

ಬೇಸಿಗೆ ರಜೆ, ಭಾನುವಾರ, ಎರಡು ಮಕ್ಕಳು, ಜೊತೆಗೆ ಅತ್ತೆ ಅಂತ ಬರೆದಿದ್ದೀರಿ. ನಾವೂ ಹೀಗೇ ಹೊರಟಿದ್ದೆವು, ಪಾರ್ಕ್ ಮಾತ್ರ ಬೇರೆ. ನನ್ನ ಮಗ ಆಗಷ್ಟೇ ಒಂದನೇ ಕ್ಲಾಸ್ ಮುಗಿಸಿದ್ದ. ಅಕ್ಕನ ಮಗ ಅವನಿಗಿಂತ ದೊಡ್ಡವನು, ಹಾಸನದಿಂದ ರಜೆಗೆ ಬಂದಿದ್ದ. ಇಬ್ಬರೂ ಫೋನಿನಲ್ಲಿ ರೋಲರ್ ಕೋಸ್ಟರ್ ವಿಡಿಯೋ ನೋಡಿ ನೋಡಿ, ಮುಂದಿನ ಸೀಟಿನಲ್ಲೇ ಕೂರೋದು ಅಂತ ಮಾತಾಡಿಕೊಂಡಿದ್ದರು.

ಅದನ್ನು ಹತ್ತಲು 120 ಸೆಂಟಿಮೀಟರ್ ಎತ್ತರ ಇರಬೇಕು ಅನ್ನೋದು ನನಗೆ ಗೊತ್ತಿತ್ತು. ಅದಕ್ಕೇ ಹೊರಡುವ ದಿನ ಬೆಳಿಗ್ಗೆ ಅವನನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಪೆನ್ಸಿಲ್ ಇಟ್ಟು ಗೀಟು ಎಳೆದು ಅಳೆದೆ. 121 ಬಂತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅವನು ಅಷ್ಟರಲ್ಲಿ ಹೊಸ ಶೂ ಹಾಕಿಕೊಂಡು ರೆಡಿಯಾಗಿದ್ದ, ಬಿಚ್ಚಿಸಲಿಲ್ಲ. ಆ ಶೂಗೆ ದಪ್ಪ ಅಟ್ಟೆ, ಅದರಲ್ಲೇ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಹೋಯಿತು. ಕೂದಲು ಒತ್ತಿ ಹಿಡಿಯಲಿಲ್ಲ. ಪೆನ್ಸಿಲ್ ನೇರ ಇಟ್ಟೆ ಅಂದುಕೊಂಡೆ, ಸ್ವಲ್ಪ ಮೇಲಕ್ಕೆ ಓರೆಯಾಗಿತ್ತೋ ಏನೋ. ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು: ಬೆಳಿಗ್ಗೆ ಎದ್ದಾಗ ಇರುವ ಎತ್ತರ ಸಂಜೆಗೆ ಇರಲ್ಲ. ದಿನವಿಡೀ ನಿಂತು ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಎಲ್ಲರೂ ಸ್ವಲ್ಪ ಕುಗ್ಗುತ್ತೇವೆ. 120ರ ಅಂಚಿನಲ್ಲಿರುವ ಮಗುವಿಗೆ ಆ ಸ್ವಲ್ಪವೇ ಬಹಳ. ಹಾಗಾಗಿ ಸಂಜೆ ಅಳೆಯಿರಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಅದನ್ನು ಗೋಡೆಗೆ ಒತ್ತಿ ಗುರುತು ಹಾಕಿ.

ರೋಲರ್ ಕೋಸ್ಟರ್ ಕ್ಯೂನಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ತಗಡಿನ ಚಾವಣಿ ಕೆಳಗೆ ಬೆವರಿ ಎಲ್ಲರೂ ಸುಸ್ತಾಗಿದ್ದೆವು. ಅಲ್ಲಿ ಕೆಲಸಕ್ಕಿದ್ದ ಹುಡುಗ ಮಗನನ್ನು ನೋಡಿದ, ‘ಶೂ ಬಿಚ್ಚು ಪುಟ್ಟಾ’ ಅಂದ. ಹಲಗೆಗೆ ನಿಲ್ಲಿಸಿ ತಲೆ ಮೇಲೆ ಅಂಗೈ ಇಟ್ಟ. ಮಗ ಮೆಲ್ಲಗೆ ಹಿಮ್ಮಡಿ ಎತ್ತಿದ. ಹುಡುಗ ಬಗ್ಗಿ ಇನ್ನೊಂದು ಕೈಯಿಂದ ಅವನ ಪಾದ ಒತ್ತಿ ಹಿಡಿದ. ಕೆಂಪು ಗೆರೆಗೂ ಅಂಗೈಗೂ ನಡುವೆ ಎರಡು ಬೆರಳು ಜಾಗ. ‘ಆಗಲ್ಲ ಮೇಡಂ.’

ಅಕ್ಕನ ಮಗ ಹೋದ. ನನ್ನ ಮಗ ಕಂಬಿ ಹಿಡಿದು ಶೂ ಕೈಯಲ್ಲಿಟ್ಟುಕೊಂಡು ನಿಂತ. ಆಮೇಲೆ ಇಡೀ ದಿನ ಒಂದು ರೈಡನ್ನೂ ಹತ್ತಲಿಲ್ಲ. ಚಿಕ್ಕವರ ರೈಡು ತೋರಿಸಿದರೆ ‘ಅದು ಪಾಪುಗಳದ್ದು’ ಅಂದ. ನಮ್ಮೆಜಮಾನರು ಆ ಹುಡುಗನ ಜೊತೆ ಜಗಳಕ್ಕೇ ನಿಂತರು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಸೀಟಿನಲ್ಲಿ ಕೂತಾಗ ತೊಡೆ ಮೇಲೆ, ಭುಜದ ಮೇಲೆ ಬರುವ ಕಂಬಿ ಮಾಡಿರುವುದೇ ಒಂದು ಅಳತೆಯ ಮೈಗೆ. ಮೈ ಅದಕ್ಕಿಂತ ಚಿಕ್ಕದಾದರೆ ನಡುವೆ ಸಂದು ಉಳಿಯುತ್ತದೆ. ಗಾಡಿ ಗಕ್ಕನೆ ಇಳಿದಾಗ, ತಿರುಗಿದಾಗ ಮಗು ಆ ಸಂದಿನಲ್ಲಿ ಜಾರುತ್ತದೆ. ಎರಡು ಸೆಂಟಿಮೀಟರ್‌ಗೆ ಏನಾಗುತ್ತೆ ಅಂತ ಕೇಳುವ ಜಾಗ ಅದಲ್ಲ. ಪಾದ ಒತ್ತಿ ಹಿಡಿದ ಆ ಹುಡುಗ ಮಾಡಿದ್ದೇ ಸರಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ ಆರು ತುಂಬಿದ ಗಂಡುಮಗುವಿನ ಸರಾಸರಿ ಎತ್ತರ ಸುಮಾರು 116 ಸೆಂ.ಮೀ. ಅಂದರೆ ಚೆನ್ನಾಗಿ ಬೆಳೆದಿರುವ ಎಷ್ಟೋ ಮಕ್ಕಳೂ 120 ಮುಟ್ಟಿರೋದಿಲ್ಲ. ದೊಡ್ಡ ರೈಡುಗಳಲ್ಲಿ 140 ಕೇಳುವವೂ ಇವೆ. ಹತ್ತಲು ಬಿಡದ ರೈಡಿನ ಮುಂದೆ ಬೇಗ ತಲುಪಿಸುವ ಟಿಕೆಟ್‌ಗೆ ದುಡ್ಡು ಯಾಕೆ ಕೊಡಬೇಕು, ಹೇಳಿ? ಚಿಕ್ಕವರ ರೈಡುಗಳಿಗೆ ಹೇಗೂ ಕ್ಯೂ ಕಮ್ಮಿ.

ನನ್ನನ್ನು ಕೇಳಿದರೆ ಈ ವರ್ಷ ಥೀಮ್ ಪಾರ್ಕೇ ಬೇಡ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಮ್ಮಿ ಇರುವ ಮಕ್ಕಳಿಗೆ ಮಾತ್ರ ಪ್ರವೇಶ ಉಚಿತ. ಮೂರು ವರ್ಷಕ್ಕೆ ಹೆಚ್ಚಿನ ಮಕ್ಕಳು ಅದನ್ನು ದಾಟಿಬಿಟ್ಟಿರುತ್ತಾರೆ. ನಿಮ್ಮ ಮಗಳಿಗೂ ದುಡ್ಡು ಕಟ್ಟಬೇಕು, ಅವಳೋ ಮಧ್ಯಾಹ್ನ ಊಟ ಆಗುತ್ತಲೇ ಹೆಗಲ ಮೇಲೆ ನಿದ್ದೆ. ನೀರಿಗೆ ಇಳಿಯಲು ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕು. ಕಾಟನ್ ಸೀರೆಯಲ್ಲಿ ಅತ್ತೆ ದಡದಲ್ಲಿ ಬ್ಯಾಗು ಕಾಯುತ್ತಾ ಕೂರಬೇಕಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅವರಿಗೆ ಅದು ಹಿಂಸೆ, ಅಲ್ವಾ?

ಅದರ ಬದಲು ಎಲ್ಲರೂ ಕಬ್ಬನ್ ಪಾರ್ಕಿಗೆ ಹೋಗಿ. ಅಲ್ಲಿನ ಬಾಲಭವನದ ಪುಟಾಣಿ ರೈಲು ಓಡುತ್ತಿದ್ದರೆ ಅತ್ತೆಯೂ ಹತ್ತಬಹುದು, ಮಗಳೂ ಹತ್ತಬಹುದು. ಅಲ್ಲಿಂದ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹತ್ತಿರವೇ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ತಿ ಗಾತ್ರದ ಮಾದರಿ ಅಲ್ಲಿದೆ. ಗುಂಡಿ ಒತ್ತಿದರೆ ಓಡುವ ಯಂತ್ರಗಳಿವೆ. ನನ್ನ ಮಗನನ್ನು ಅಲ್ಲಿಂದ ಹೊರಗೆ ಕರೆತರುವುದೇ ಕಷ್ಟವಾಗಿತ್ತು. ಇನ್ನೊಂದು ದಿನ ಬನ್ನೇರುಘಟ್ಟ ಇಟ್ಟುಕೊಳ್ಳಿ, ಮಂಗಳವಾರ ರಜೆ ಅನ್ನೋದು ನೆನಪಿರಲಿ.

ಇಷ್ಟು ಹೇಳಿದ ಮೇಲೂ ವಂಡರ್‌ಲಾಗೇ ಹೋಗ್ತೀವಿ ಅಂದರೆ ಭಾನುವಾರ ಬಿಟ್ಟು ವಾರದ ದಿನ ಹೋಗಿ. ಹೋಗುವ ಮೊದಲು ಅವರ ವೆಬ್‌ಸೈಟಿನಲ್ಲಿ ಯಾವ ರೈಡಿಗೆ ಎಷ್ಟು ಎತ್ತರ ನೋಡಿ, ಮಗನಿಗೆ ಸಿಗುವ ರೈಡುಗಳ ವಿಡಿಯೋ ಮಾತ್ರ ತೋರಿಸಿ. ಸಿಗದ್ದನ್ನು ತೋರಿಸಿ ಆಸೆ ಹುಟ್ಟಿಸಬೇಡಿ. ಎತ್ತರ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ, 120 ದಾಟಿದ್ದರೆ ಯಾವುದನ್ನು ಮೊದಲು ಹತ್ತಿಸಬೇಕು ಅಂತ ಹೇಳುತ್ತೇನೆ.